ತ್ಯಾವಣಿಗೆಯ ಕಣದಲ್ಲಿ ದಾ ಹಾಂಗ್ ಪಾವ್

ಅಡಿಕೆ ಬೇಯಿಸುವ ಹಂಡೆಯ ಮುಂದೆ ನಲವತ್ತು ವರ್ಷ ಕೂತವರಿಗೆ ಒಗರಿನಲ್ಲೇ ಹತ್ತು ಬಗೆ ಗೊತ್ತಿರುತ್ತದೆ. ತ್ಯಾವಣಿಗೆಯ ನಮ್ಮ ದೊಡ್ಡಪ್ಪ ಅಂಥವರು. ಅಡಿಕೆ ಬೆಂದ ನೀರಾದ ಚೊಗರಿನ ಒಂದು ಹನಿ ನಾಲಿಗೆಗೆ ತಾಗಿಸಿಕೊಂಡು, ಕಣ್ಣು ಮುಚ್ಚಿ, ಇನ್ನೊಂದು ಕುದಿ ಬೇಕೋ ಸಾಕೋ ಹೇಳಿಬಿಡುತ್ತಾರೆ. ಆ ನಾಲಿಗೆ ಚೀನಾದ ಊಲಾಂಗ್ ಚಹಾಕ್ಕೆ ಏನನ್ನುತ್ತದೆ ಎಂದು ಕೇಳುವ ಆಸೆಯಿಂದಲೇ ಅಡಿಕೆ ಕೊಯ್ಲಿನ ಹೊತ್ತಿಗೆ ಊರಿಗೆ ಹೋದೆ.

ಚಹಾ ತಂದವನು ಫೂಜಿಯಾನ್ ಪ್ರಾಂತ್ಯದಲ್ಲಿ ಮೆಡಿಕಲ್ ಓದುತ್ತಿರುವ ನಮ್ಮ ನೆಂಟರ ಹುಡುಗ. ಚಹಾದ ಹೆಸರು ದಾ ಹಾಂಗ್ ಪಾವ್, ಅಂದರೆ ದೊಡ್ಡ ಕೆಂಪು ನಿಲುವಂಗಿ. ಈ ಚಹಾ ಕುಡಿದು ಕಾಯಿಲೆ ವಾಸಿಯಾದವರೊಬ್ಬರು ತಮಗೆ ಸಿಕ್ಕ ಕೆಂಪು ನಿಲುವಂಗಿಯನ್ನು ಗಿಡಕ್ಕೇ ಹೊದಿಸಿದರಂತೆ. ವೂಯಿ ಬೆಟ್ಟದ ಬಂಡೆಯ ಸಂದಿನಲ್ಲಿ ಆ ತಾಯಿಗಿಡಗಳು ಇಂದಿಗೂ ಆರು ಇವೆ. 2002ರಲ್ಲಿ ಅವುಗಳ 20 ಗ್ರಾಂ ಎಲೆ 1,80,000 ಯುವಾನ್‌ಗೆ ಹರಾಜಾಯಿತು. 2006ರಿಂದ ಅವುಗಳ ಎಲೆ ಕೊಯ್ಯುವುದನ್ನು ನಿಲ್ಲಿಸಿದ್ದಾರೆ. ಕೊನೆಯ ಕೊಯ್ಲಿನ 20 ಗ್ರಾಂ ಬೀಜಿಂಗ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ನಮ್ಮ ಪೊಟ್ಟಣದ್ದು ಅವುಗಳ ಕಡ್ಡಿ ನೆಟ್ಟು ಬೆಳೆಸಿದ ಗಿಡಗಳ ಎಲೆ. ಅದೂ ಅಗ್ಗದ ಮಾಲಲ್ಲ.

ಕಣದಲ್ಲಿ ತಾಡಪಾಲಿನ ಮೇಲೆ ಕೆಂಪಡಿಕೆ ಹರವಿತ್ತು. ಸ್ಟೀಲ್ ಲೋಟಕ್ಕೆ ಐದಾರು ಗ್ರಾಂ ಎಲೆ ಹಾಕಿದೆ. ಕಪ್ಪಗೆ, ಉದ್ದಕ್ಕೆ ಹುರಿಗೊಂಡ ಎಲೆ. ಕುದಿವ ನೀರು ಹೊಯ್ದು, ಮೊದಲ ನೀರು ಚೆಲ್ಲಿ, ಎರಡನೆಯದನ್ನು ಹದಿನೈದು ಸೆಕೆಂಡಿಗೇ ಬಸಿದೆ.

“ಹಾಲೆಲ್ಲೋ?”

“ಹಾಲು ಹಾಕಂಗಿಲ್ಲ ದೊಡ್ಡಪ್ಪ. ಸಕ್ರೇನೂ ಇಲ್ಲ.”

ಗುಟುಕು ಬಾಯಲ್ಲೇ ಇಟ್ಟುಕೊಂಡು ಬಹಳ ಹೊತ್ತು ಸುಮ್ಮನಿದ್ದರು. “ಮೊದ್ಲು ಸುಟ್ಟ ವಾಸ್ನೆ. ಆಮೇಲೆ ಒಗರು. ಆದ್ರೆ ನಾಲ್ಗಿ ಹಿಡ್ಕಳಾಕಿಲ್ಲ, ಬಿಟ್ ಕೊಡ್ತೈತಿ. ಬಿಟ್ಟ ಮೇಲೆ ಸಿಹಿ ಬರ್ತೈತಿ ನೋಡು, ಗಂಟ್ಲಾಗೆ.”

ಚೀನೀಯರು ಹೊಗಳುವುದು ಇದನ್ನೇ. ಬಾಯಿ ಖಾಲಿಯಾದ ಮೇಲೆ ಗಂಟಲಿಗೆ ಮರಳಿ ಬರುವ ಸಿಹಿಗೆ ಅವರಲ್ಲಿ ‘ಹುಯಿ ಗಾನ್’ ಎಂಬ ಮಾತಿದೆ. ವೂಯಿ ಚಹಾದಲ್ಲಿ ಕಲ್ಲಿನ ಗುಣವೂ ಸೇರಿಕೊಂಡು ಉಳಿಯುತ್ತದೆ ಎನ್ನುತ್ತಾರೆ. ಚಹಾ ಬಲ್ಲವರು ಹೂವು, ಹಣ್ಣು, ಜೇನಿನ ಹೋಲಿಕೆ ಹುಡುಕುತ್ತಾರೆ. ಷಡ್ರಸದಲ್ಲಿ ಒಗರಿಗೂ ಜಾಗ ಕೊಟ್ಟಿರುವ ನಮಗೆ ಅಷ್ಟು ಕಷ್ಟವಿಲ್ಲ ಅನಿಸಿತು.

ಎಲೆ ಹದವಾಗುವ ಕ್ರಮ ಹೇಳಿದಾಗ ದೊಡ್ಡಪ್ಪ ಹತ್ತಿರಕ್ಕೆ ಸರಿದು ಕೂತರು. ಚಿಗುರಲ್ಲ, ಅರಳಿದ ಬಲಿತೆಲೆ ಕೊಯ್ದು ಬಾಡಿಸುತ್ತಾರೆ. ಬಿದಿರಿನ ಮೊರದಂಥ ತಟ್ಟೆಯಲ್ಲಿ ಅಲ್ಲಾಡಿಸಿ, ಇಟ್ಟು, ಮತ್ತೆ ಅಲ್ಲಾಡಿಸಿ ರಾತ್ರಿಯೆಲ್ಲ ಕಾಯುತ್ತಾರೆ. ಅಂಚು ಜಜ್ಜಿಹೋದಲ್ಲಿ ಎಲೆ ಗಾಳಿ ಕುಡಿದು ಕೆಂಪಾಗುತ್ತದೆ. ನಡು ಹಸಿರಾಗೇ ಇರುವಾಗ ಕಾದ ಬಾಣಲೆಗೆ ಹಾಕಿ ಆ ಕೆಂಪಾಗುವುದನ್ನು ತಡೆಯಬೇಕು. ತಡೆಯದೆ ಬಿಟ್ಟರೆ ನಾವು ದಿನಾ ಕುಡಿಯುವ ಕಪ್ಪು ಚಹಾ, ಮೊದಲೇ ತಡೆದರೆ ಹಸಿರು ಚಹಾ. ಆಮೇಲೆ ಹೊಸೆದು, ಕೆಂಡದ ಸಣ್ಣ ಶಾಖದಲ್ಲಿ ಗಂಟೆಗಟ್ಟಲೆ ಹುರಿಯುತ್ತಾರೆ.

“ಯಾವಾಗ ತಡೀಬೇಕಂತ ಯಾರು ಹೇಳ್ತಾರೆ?”

“ಮೂಸಿ ನೋಡ್ತಾರಂತೆ.”

“ಹ್ಞಾಂ” ಎಂದರು, ತಮ್ಮೂರಿನವರ ಸುದ್ದಿ ಕೇಳಿದಂತೆ.

ನಮ್ಮೂರಿನಲ್ಲೋ ಈಗ ಅಡಿಕೆ ಸುಲಿಯುವ ಯಂತ್ರ ಬಂದಿದೆ. ತೋಟವನ್ನೇ ಖೇಣಿಗೆ, ಅಂದರೆ ಫಸಲಿನ ಗುತ್ತಿಗೆಗೆ, ಕೊಟ್ಟು ಕೈತೊಳೆದುಕೊಳ್ಳುವ ಮನೆಗಳು ಹೆಚ್ಚು. ದೊಡ್ಡಪ್ಪ ಹೋದ ವರ್ಷದ ಗಟ್ಟಿ ಚೊಗರನ್ನು ಕಾಪಿಟ್ಟು ಈ ವರ್ಷದ ಹಂಡೆಗೆ ಬೆರೆಸುತ್ತಾರೆ. ಅವರ ಮಕ್ಕಳಿಬ್ಬರೂ ಬೆಂಗಳೂರಿನಲ್ಲಿದ್ದಾರೆ. ಆ ಹದ ಹೇಳಿಕೊಡಿ ಎಂದು ಈವರೆಗೆ ಯಾರೂ ಕೇಳಿಲ್ಲ. ನಾನೂ ಕೇಳಿರಲಿಲ್ಲ.

ಆರನೆಯ ನೀರಿಗೆ ಬಣ್ಣ ತೆಳುವಾಯಿತು. ದೊಡ್ಡಪ್ಪ ಲೋಟದಿಂದ ಒಂದು ಎಲೆ ತೆಗೆದು ಅಂಗೈ ಮೇಲೆ ಬೆರಳಿನಿಂದ ಬಿಡಿಸಿದರು. ಬಿಸಿಲಿಗೆ ಹಿಡಿದಾಗ ಅಂಚಿನಲ್ಲಿ ಮಾಸಿದ ಕೆಂಪು, ನಡುವೆ ಪಾಚಿಯಂಥ ಹಸಿರು. ಅದನ್ನು ಎಸೆಯಲಿಲ್ಲ. ತಾಡಪಾಲಿನ ಅಂಚಿಗೆ, ಅಡಿಕೆಯ ಪಕ್ಕದಲ್ಲಿ ಒಣಗಲು ಇಟ್ಟು ಹಂಡೆಯ ಉರಿ ನೋಡಲು ಎದ್ದರು.