ಹುಲ್ಲುಗಾವಲು ಸರ್ಕಾರಿ ಜಮೀನುಗಳ ಸಂರಕ್ಷಣೆ: ಸಾರ್ವಜನಿಕರಿಗೆ ಮಾಹಿತಿ

ನಗರಗೆರೆ ಸೇರಿದಂತೆ ಬಯಲುಸೀಮೆಯ ಹೋಬಳಿಗಳಲ್ಲಿ ಮರಗಳಿಲ್ಲದ ಸರ್ಕಾರಿ ಜಮೀನನ್ನು ಬೀಳು ಎಂದು ಭಾವಿಸುವುದು ರೂಢಿ. ಆದರೆ ಕೃಷ್ಣಮೃಗಗಳಿಗೆ ಇಂತಹ ತೆರೆದ ಹುಲ್ಲುಗಾವಲೇ ನೆಲೆ. ದಟ್ಟವಾಗಿ ಸಸಿ ನೆಟ್ಟರೂ ಆ ನೆಲೆ ನಾಶವಾಗುತ್ತದೆ.

ಕಾನೂನಿನ ಅವಕಾಶ
ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ಕ್ಕೆ ತಂದ ತಿದ್ದುಪಡಿಯು 2003ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಅದರ 36ಎ ಪ್ರಕರಣದಂತೆ ರಾಜ್ಯ ಸರ್ಕಾರವು ಸ್ಥಳೀಯ ಸಮುದಾಯಗಳೊಂದಿಗೆ ಸಮಾಲೋಚಿಸಿ, ಸರ್ಕಾರದ ಒಡೆತನದ ಪ್ರದೇಶವನ್ನು ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಬಹುದು. ಖಾಸಗಿ ಹಿಡುವಳಿ ಜಮೀನನ್ನು ಈ ಪ್ರಕರಣದಡಿ ಸೇರಿಸಲು ಅವಕಾಶವಿರುವುದಿಲ್ಲ.

ಸಮೀಪದ ಉದಾಹರಣೆ
ಗೌರಿಬಿದನೂರು ತಾಲ್ಲೂಕಿಗೆ ಹೊಂದಿಕೊಂಡ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಸುಮಾರು 798 ಎಕರೆ ಹುಲ್ಲುಗಾವಲನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಗಿದೆ.

ಗ್ರಾಮಸ್ಥರು ಗಮನಿಸಬೇಕಾದುದು
ಅಭಯಾರಣ್ಯ ಘೋಷಣೆಯಲ್ಲಿ ಜನರ ಹಕ್ಕುಬಾಧ್ಯತೆಗಳ ಕುರಿತು ಜಿಲ್ಲಾಧಿಕಾರಿಯವರ ವಿಚಾರಣೆ ನಡೆಯುತ್ತದೆ. ಸಂರಕ್ಷಣಾ ಮೀಸಲು ಪ್ರದೇಶಕ್ಕೆ ಅಂತಹ ವಿಚಾರಣೆಯನ್ನು ಅಧಿನಿಯಮವು ವಿಧಿಸಿಲ್ಲ. ಆದುದರಿಂದ ದನಕರುಗಳ ಮೇವು, ದಾರಿ, ನೀರು ಇವುಗಳಿಗಾಗಿ ಸದರಿ ಜಮೀನನ್ನು ಅವಲಂಬಿಸಿರುವವರು ಸಮಾಲೋಚನೆಯ ಹಂತದಲ್ಲಿಯೇ ತಮ್ಮ ಅಹವಾಲನ್ನು ಗ್ರಾಮ ಪಂಚಾಯಿತಿಯ ಮೂಲಕ ಲಿಖಿತವಾಗಿ ಸಲ್ಲಿಸಿ, ಸ್ವೀಕೃತಿ ಪಡೆಯುವುದು ಸೂಕ್ತ.

ನಿರ್ವಹಣಾ ಸಮಿತಿ
36ಬಿ ಪ್ರಕರಣದಂತೆ ರಚಿಸುವ ಸಮಿತಿಯಲ್ಲಿ ಈ ಕೆಳಕಂಡವರು ಇರುತ್ತಾರೆ:
1. ಅರಣ್ಯ ಇಲಾಖೆಯ ಪ್ರತಿನಿಧಿ (ಸದಸ್ಯ ಕಾರ್ಯದರ್ಶಿ)
2. ಪ್ರದೇಶವು ಒಳಪಡುವ ಪ್ರತಿ ಗ್ರಾಮ ಪಂಚಾಯಿತಿಯಿಂದ ಒಬ್ಬ ಪ್ರತಿನಿಧಿ
3. ವನ್ಯಜೀವಿ ಸಂರಕ್ಷಣೆಯಲ್ಲಿ ತೊಡಗಿರುವ ಸರ್ಕಾರೇತರ ಸಂಸ್ಥೆಗಳ ಮೂವರು
4. ಕೃಷಿ ಹಾಗೂ ಪಶುಸಂಗೋಪನಾ ಇಲಾಖೆಗಳ ತಲಾ ಒಬ್ಬ ಪ್ರತಿನಿಧಿ
ಘೋಷಣೆಯ ನಂತರವೂ ಗ್ರಾಮದ ಕುಂದುಕೊರತೆಗಳನ್ನು ಪಂಚಾಯಿತಿ ಪ್ರತಿನಿಧಿಯ ಮೂಲಕ ಸಮಿತಿಯ ಮುಂದಿಡಬಹುದು.

ನಿಷೇಧಗಳು
ಅಪಾಯವಾಗುವಂತೆ ಬೆಂಕಿ ಹಚ್ಚುವುದು, ವನ್ಯಪ್ರಾಣಿಗಳನ್ನು ಪೀಡಿಸುವುದು, ಕಸ ಎಸೆಯುವುದು, ಗಡಿ ಗುರುತುಗಳನ್ನು ಕೀಳುವುದು ಹಾಗೂ ಹಾನಿಕರ ರಾಸಾಯನಿಕ ಅಥವಾ ಸ್ಫೋಟಕ ಬಳಸುವುದನ್ನು ನಿಷೇಧಿಸಲಾಗಿದೆ. ಕೃಷ್ಣಮೃಗವು 1ನೇ ಅನುಸೂಚಿಯಲ್ಲಿರುವ ಪ್ರಾಣಿಯಾಗಿದ್ದು, ಅದರ ಬೇಟೆಗೆ 2022ರ ತಿದ್ದುಪಡಿಯಂತೆ 3ರಿಂದ 7 ವರ್ಷಗಳವರೆಗೆ ಕಾರಾವಾಸ ಮತ್ತು ಕನಿಷ್ಠ ರೂ. 25,000 ದಂಡ ವಿಧಿಸಲಾಗುವುದು.

ಬೆಳೆ ಹಾನಿ
ಪ್ರಾಣಿಗಳಿಗೆ ಮೀಸಲು ಪ್ರದೇಶದ ಗಡಿ ತಿಳಿಯದು. ಅಂಚಿನ ಹೊಲಗಳಿಗೂ ಅವು ಇಳಿಯುತ್ತವೆ. ವನ್ಯಪ್ರಾಣಿಗಳಿಂದ ಬೆಳೆ ಹಾನಿಯಾದ ರೈತರು ವಿಳಂಬವಿಲ್ಲದೆ, ಪಹಣಿ ಹಾಗೂ ಹಾನಿಯ ಛಾಯಾಚಿತ್ರಗಳೊಂದಿಗೆ ವಲಯ ಅರಣ್ಯಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಿ ಪರಿಹಾರಕ್ಕೆ ಅರ್ಜಿ ಸಲ್ಲಿಸತಕ್ಕದ್ದು.