ಸಂಜೆ ಐದರ ಮೇಲೆ ಶುರುವಾಗುವ ಊರು

ಜಪಾನಿನ ಹಳ್ಳಿಗಳಲ್ಲಿ ಸಂಜೆಯಾಯಿತೆಂದರೆ ಕಂಬಗಳ ಮೇಲಿನ ಧ್ವನಿವರ್ಧಕಗಳಿಂದ ಒಂದು ರಾಗ ಊರಿಡೀ ಹರಡುತ್ತದೆ. ಹಲವು ಕಡೆ ಅದು ‘ಯೂಯಾಕೆ ಕೊಯಾಕೆ’ ಎಂಬ ಹಳೆಯ ಮಕ್ಕಳ ಹಾಡಿನ ರಾಗ. ಸಾಮಾನ್ಯವಾಗಿ ಐದು ಗಂಟೆಗೆ ಕೇಳಿಸುತ್ತದೆ, ಚಳಿಗಾಲದಲ್ಲಿ ಕೆಲವೆಡೆ ಇನ್ನೂ ಬೇಗ. ಭೂಕಂಪವೋ ಸುನಾಮಿಯೋ ಬಂದಾಗ ಊರನ್ನು ಎಚ್ಚರಿಸಬೇಕಾದ ವ್ಯವಸ್ಥೆ ಕೆಟ್ಟಿಲ್ಲ ತಾನೇ ಎಂದು ದಿನವೂ ನೋಡಿಕೊಳ್ಳುವ ಉಪಾಯ ಅದು. ಆಟ ಸಾಕು, ಮನೆಗೆ ನಡೆಯಿರಿ ಎಂದು ಮಕ್ಕಳಿಗೆ ಸೂಚನೆಯೂ ಹೌದು. ಅಲ್ಲಿನ ಶಾಲೆಗೆ ಇಂಗ್ಲಿಷ್ ಕಲಿಸಲು ಬಂದ ಪರದೇಶದ ಮೇಷ್ಟರಿಗೆ, ಮೇಡಂಗೆ ಊರಿನ ಬಾಗಿಲು ತೆರೆಯುವುದು ಈ ರಾಗ ಮುಗಿದ ಮೇಲೆ.

ಇವರು ಅಲ್ಲಿಗೆ ಬಂದದ್ದರ ಹಿಂದೆ ಒಂದಿಷ್ಟು ರಾಜಕೀಯವಿದೆ. 1980ರ ದಶಕದಲ್ಲಿ ಜಪಾನಿನ ಕಾರು, ಟಿ.ವಿ.ಗಳು ಅಮೆರಿಕದ ಮಾರುಕಟ್ಟೆಯನ್ನು ತುಂಬಿ ಎರಡೂ ದೇಶಗಳ ನಡುವೆ ವ್ಯಾಪಾರದ ತಿಕ್ಕಾಟ ಜೋರಾಗಿತ್ತು. ಜಪಾನ್ ಮಾರಲು ಮಾತ್ರ ಮುಂದು, ಹೊರಗಿನವರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ ಎಂಬ ದೂರಿಗೆ ಪ್ರಧಾನಿ ನಕಾಸೋನೆ ಸರ್ಕಾರ ಕೊಟ್ಟ ಉತ್ತರಗಳಲ್ಲಿ, ಪರದೇಶದ ಯುವಜನರನ್ನು ಶಾಲೆಗಳಿಗೆ ಕರೆತರುವ ‘ಜೆಟ್’ ಯೋಜನೆಯೂ ಒಂದು. 1987ರಲ್ಲಿ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಿಂದ 848 ಯುವಕ ಯುವತಿಯರು ಬಂದಿಳಿದರು. ಈಗ ಸುಮಾರು 50 ದೇಶಗಳ ಐದು ಸಾವಿರಕ್ಕೂ ಹೆಚ್ಚು ಮಂದಿ ಅದರಲ್ಲಿದ್ದಾರೆ. ಹತ್ತರಲ್ಲಿ ಒಂಬತ್ತು ಮಂದಿ ಸಹಾಯಕ ಭಾಷಾ ಶಿಕ್ಷಕರು. ಟೋಕಿಯೊ ಕನಸು ಕಂಡವರು ಗುಡ್ಡದ ಮೂಲೆಗೆ ಹೋಗಿ ಬೀಳುವುದೇಕೆ ಎಂಬುದಕ್ಕೆ ಉತ್ತರ ಲೆಕ್ಕಪತ್ರದಲ್ಲಿದೆ. ಇವರನ್ನು ಕೆಲಸಕ್ಕಿಟ್ಟುಕೊಳ್ಳುವುದು ಕೇಂದ್ರ ಸರ್ಕಾರವಲ್ಲ, ಆಯಾ ಊರಿನ ಆಡಳಿತ. ಆದರೆ ಇವರ ಖರ್ಚಿಗೆಂದು ಕೇಂದ್ರದ ತೆರಿಗೆ ಪಾಲಿನಲ್ಲಿ ಹಣ ಸೇರಿಸಿ ಕೊಡುತ್ತಾರೆ. ಆದ್ದರಿಂದ ಬಡ, ದೂರದ ಊರಿಗೂ ಒಬ್ಬ ಇಂಗ್ಲಿಷ್ ಮೇಷ್ಟರು ಭಾರವಲ್ಲ.

ಶಾಲೆಯಲ್ಲಿ ಇವರ ಪಾತ್ರ ಹೆಸರೇ ಹೇಳುವಂತೆ ಸಹಾಯಕನದು. ತರಗತಿಯ ಯಜಮಾನಿಕೆ ಜಪಾನಿ ಶಿಕ್ಷಕರದು. 2020ರಿಂದ ಐದು ಮತ್ತು ಆರನೇ ತರಗತಿಗೂ ಇಂಗ್ಲಿಷ್ ಒಂದು ವಿಷಯವಾಗಿರುವುದರಿಂದ ಕೆಲಸ ಹೆಚ್ಚಿದೆ, ನಿಜ. ಆದರೂ ಪಾಠದ ಸಾಲನ್ನು ಗಟ್ಟಿಯಾಗಿ ಓದುವುದು, ಮಕ್ಕಳಿಂದ ಹೇಳಿಸುವುದು, ಇಷ್ಟರಲ್ಲೇ ದಿನ ಕಳೆಯುವವರು ತಮ್ಮನ್ನು ತಾವೇ ‘ಜೀವವಿರುವ ಟೇಪ್ ರೆಕಾರ್ಡರ್’ ಎಂದು ಗೇಲಿ ಮಾಡಿಕೊಳ್ಳುವುದುಂಟು. ಇನ್ನು ಕೆಲವರಿಗೆ ಪೂರ್ತಿ ತರಗತಿಯನ್ನೇ ಬಿಟ್ಟುಕೊಡುತ್ತಾರೆ. ಒಬ್ಬರ ಅನುಭವ ಇನ್ನೊಬ್ಬರದಕ್ಕೆ ತಾಳೆಯಾಗುವುದಿಲ್ಲ ಎಂಬುದು ಜೆಟ್ ಬಳಗದಲ್ಲಿ ಹೊಸಬರಿಗೆ ಮೊದಲು ಹೇಳುವ ಮಾತು. ಒಪ್ಪಂದದ ಪ್ರಕಾರ ವಾರಕ್ಕೆ ಸುಮಾರು 35 ಗಂಟೆ ಕೆಲಸ. ಸಹೋದ್ಯೋಗಿಗಳು ಕತ್ತಲಾದರೂ ಸ್ಟಾಫ್ ರೂಮಿನಲ್ಲೇ ಇದ್ದರೆ ಈ ಪರದೇಶಿ ಮಾತ್ರ ನಾಲ್ಕೂಕಾಲು, ನಾಲ್ಕೂವರೆಗೆ ಚೀಲ ಹೆಗಲಿಗೇರಿಸುತ್ತಾನೆ.

ಶಾಲೆಯೊಳಗೆ ಇಂಗ್ಲಿಷಿಗಿಂತ ಚೆನ್ನಾಗಿ ಬೆರೆಯಲು ಅವಕಾಶ ಕೊಡುವುದು ಊಟ ಮತ್ತು ಕಸಬರಿಕೆ. ಮಧ್ಯಾಹ್ನ ಸರದಿಯ ಮಕ್ಕಳು ಬಿಳಿ ಟೊಪ್ಪಿ, ಬಿಳಿ ನಿಲುವಂಗಿ ತೊಟ್ಟು, ಅನ್ನ, ಸಾರು, ಪಲ್ಯದ ಪಾತ್ರೆಗಳನ್ನು ತರಗತಿಗೆ ತಳ್ಳಿಕೊಂಡು ಬಂದು ತಾವೇ ಬಡಿಸುತ್ತಾರೆ. ಮೇಷ್ಟರಿಗೂ ಅದೇ ಊಟ, ಅದೇ ಪುಟ್ಟ ಹಾಲಿನ ಪೊಟ್ಟಣ. ಅದು ಮುಗಿದ ಮೇಲೆ ಎಲ್ಲರೂ ಸೇರಿ ನೆಲ ಒರೆಸುತ್ತಾರೆ. ಮಂಡಿ ಮೇಲೆತ್ತಿ, ಒದ್ದೆ ಬಟ್ಟೆಯ ಮೇಲೆ ಎರಡೂ ಕೈ ಊರಿ ಮಕ್ಕಳು ಕಾರಿಡಾರಿನುದ್ದಕ್ಕೂ ಪಂದ್ಯದಂತೆ ಓಡುತ್ತಾರೆ. ಪಕ್ಕದಲ್ಲಿ ಓಡಿ ಸೋತ ಮೇಷ್ಟರಿಗೆ ಆ ವಾರವಿಡೀ ಮರ್ಯಾದೆ ಹೆಚ್ಚು. ಸಸ್ಯಾಹಾರಿಗಳ ಪಾಡು ಮಾತ್ರ ಬೇರೆ. ಮಿಸೊ ಸಾರಿಗೂ ಒಣ ಮೀನಿನ ರಸವೇ ಮೂಲ. ಭಾರತದಿಂದ ಹೋದವರು ಕೆಲ್ಪ್ ಕಡಲಪಾಚಿಯ ರಸ ಮತ್ತು ಬೌದ್ಧ ಮಠಗಳ ಅಡುಗೆಯನ್ನು ಬೇಗ ಪರಿಚಯ ಮಾಡಿಕೊಳ್ಳುವುದೇ ಜಾಣತನ.

ಮನೆಯ ಬಗ್ಗೆ ಹೊಸಬರು ತಿಳಿದದ್ದೇ ಒಂದು, ಸಿಗುವುದೇ ಇನ್ನೊಂದು. ಬುಲೆಟ್ ರೈಲಿನ ದೇಶದಲ್ಲಿ ಹಳ್ಳಿಮನೆಯ ಗೋಡೆ ಹಾಳೆಯಷ್ಟು ತೆಳು, ಕೇಂದ್ರೀಯ ಹೀಟಿಂಗ್ ಎಂಬುದಿಲ್ಲ. ನೀಗಾತ, ಶಿಮಾನೆಯಂಥ ಜಪಾನ್ ಸಮುದ್ರದ ಬದಿಯಲ್ಲಿ ಚಳಿಗಾಲವೆಂದರೆ ಸೀಮೆಎಣ್ಣೆ. 18 ಲೀಟರಿನ ಪ್ಲಾಸ್ಟಿಕ್ ಕ್ಯಾನನ್ನು ಬಂಕಿಗೆ ಒಯ್ದು ತುಂಬಿಸಬೇಕು. ಪೂರ್ವ ಜಪಾನಿನಲ್ಲಿ ಕ್ಯಾನ್ ಕೆಂಪು, ಪಶ್ಚಿಮದಲ್ಲಿ ನೀಲಿ. ಫ್ಯಾನ್ ಹೀಟರ್ ಮೂರು ಗಂಟೆ ಉರಿದರೆ ತಾನಾಗಿಯೇ ಆರುತ್ತದೆ. ಅದಕ್ಕೆ ಮೊದಲು ಪೀಂ ಪೀಂ ಎಂದು ಕೂಗಿದಾಗ ಎದ್ದು ಗುಂಡಿ ಒತ್ತಬೇಕು, ಆಗಾಗ ಕಿಟಕಿ ತೆರೆದು ಹೊಗೆಗಾಳಿಯನ್ನೂ ಆಚೆ ಬಿಡಬೇಕು. ಕಷ್ಟಪಟ್ಟು ಸೇರಿಸಿದ ಬಿಸಿ ಅದರ ಜೊತೆಗೇ ಹೋಗುತ್ತದೆ. ಕೊನೆಗೆ ಎಲ್ಲರೂ ಶರಣಾಗುವುದು ಕೊತಾತ್ಸುವಿಗೆ: ಕೆಳಗೆ ಪುಟ್ಟ ಹೀಟರ್, ಮೇಲೆ ದಪ್ಪ ರಜಾಯಿ ಹೊದಿಸಿದ ಗಿಡ್ಡ ಮೇಜು. ಕಾಲು ಒಳಗಿಟ್ಟವರು ಏಳುವುದಿಲ್ಲ. ಕಸದ್ದು ಮತ್ತೊಂದು ಪರೀಕ್ಷೆ. ತೊಕುಶಿಮಾದ ಕಮಿಕಾತ್ಸು ಎಂಬ ಊರಿನಲ್ಲಿ ಕಸವನ್ನು ನಲವತ್ತಕ್ಕೂ ಹೆಚ್ಚು ಬಗೆಯಾಗಿ ಬೇರ್ಪಡಿಸಬೇಕು.

ಈ ಕೊತಾತ್ಸುವಿನೊಳಗೇ ಸಂಜೆಗಳನ್ನು ಕಳೆದವರು ಒಂದು ವರ್ಷಕ್ಕೇ ಗಂಟುಮೂಟೆ ಕಟ್ಟುತ್ತಾರೆ. ಉಳಿದುಕೊಳ್ಳುವವರು ಸಾಮಾನ್ಯವಾಗಿ ಕೊಮಿನ್‌ಕಾನ್ ಮೆಟ್ಟಿಲು ಹತ್ತಿದವರು. ಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಜನ ಕೂಡಿ ಕಲಿಯಲಿ ಎಂದು ಶಿಕ್ಷಣ ಇಲಾಖೆಯ ಪ್ರೋತ್ಸಾಹದಿಂದ ಶುರುವಾದ ಸಮುದಾಯ ಭವನಗಳಿವು. ಸೋಮವಾರ ಕುಂಚದ ಬರವಣಿಗೆ, ಬುಧವಾರ ಹೂಜೋಡಣೆ, ಶುಕ್ರವಾರ ತೈಕೊ ಡೋಲು ಎಂಬಂತೆ ಗೋಡೆಯ ಮೇಲೊಂದು ವೇಳಾಪಟ್ಟಿ. ಬರುವವರಲ್ಲಿ ಹೆಚ್ಚಿನವರು ನಿವೃತ್ತರು.

ತೈಕೊ ತರಗತಿಗೆ ಜಪಾನಿ ಭಾಷೆ ಬಾರದಿದ್ದರೂ ನಡೆಯುತ್ತದೆ. ಅಲ್ಲಿ ಪಾಠ ಬಾಯಲ್ಲೇ. ಚರ್ಮದ ನಡುವೆ ಬಾರಿಸಿದರೆ ‘ದೊನ್’, ಅಂಚಿನ ಮರಕ್ಕೆ ಕೋಲು ತಾಗಿಸಿದರೆ ‘ಕ’. ಗುರು ‘ದೊನ್ ದೊಕೊ ದೊನ್, ಕರ ಕಕ್ಕ’ ಎನ್ನುತ್ತಾರೆ, ಶಿಷ್ಯರು ಅದನ್ನೇ ಹೇಳಿ ನಂತರ ಕೈಗಿಳಿಸುತ್ತಾರೆ. ಮೃದಂಗದ ಸೊಲ್ಲುಕಟ್ಟು ಕೇಳಿ ಬೆಳೆದ ಕನ್ನಡಿಗರಿಗೆ ಇದನ್ನು ವಿವರಿಸಬೇಕಿಲ್ಲ. ಎರಡು ತಿಂಗಳು ತಪ್ಪದೆ ಹೋದ ಮೇಷ್ಟರಿಗೆ ಬೇಸಿಗೆಯ ಹಬ್ಬದಲ್ಲಿ ಹಿಂದಿನ ಸಾಲಿನಲ್ಲಿ ಒಂದು ಡೋಲು ಗ್ಯಾರಂಟಿ. ಆಮೇಲೆ ಬೆಳಗ್ಗೆ ಬಾಗಿಲು ತೆರೆದರೆ ಹೊಸ್ತಿಲ ಬಳಿ ಚೀಲದ ತುಂಬ ಬದನೆ, ಸೌತೆ, ಮೂಲಂಗಿ. ಯಾರು ಇಟ್ಟರೆಂಬ ಚೀಟಿ ಇರುವುದಿಲ್ಲ. ಕೇಳಿ ಪತ್ತೆಹಚ್ಚಿ, ಮುಂದಿನ ಪ್ರವಾಸದಿಂದ ಮರಳುವಾಗ ಅವರಿಗೊಂದು ಸಿಹಿ ಪೊಟ್ಟಣ ತರಬೇಕು.

ಹವ್ಯಾಸವನ್ನು ನಾವು ಬಿಡುವಿನ ಬಾಬತ್ತು ಎಂದುಕೊಳ್ಳುತ್ತೇವೆ. ಅಲ್ಲಿ ಅದೇ ಪರಿಚಯ ಪತ್ರ. ‘ಇಂಗ್ಲಿಷ್ ಹೇಳಿಕೊಡುವವನು’ ಎಂದರೆ ಊರು ನಗುತ್ತ ತಲೆಬಾಗುತ್ತದೆ, ಅಷ್ಟೇ. ‘ಶುಕ್ರವಾರದ ಡೋಲಿನವನು’ ಎಂದರೆ ಟೀ ಕೊಡುತ್ತದೆ.

ಇದು ಜೆಟ್ ಕಾಲದ ಶೋಧವೇನಲ್ಲ. ಗ್ರೀಸಿನಲ್ಲಿ ಹುಟ್ಟಿ ಐರ್ಲೆಂಡಿನಲ್ಲಿ ಬೆಳೆದ ಲಾಫ್ಕಾಡಿಯೊ ಹರ್ನ್ 1890ರಲ್ಲಿ ಶಿಮಾನೆಯ ಮಾತ್ಸುಯೆ ಪಟ್ಟಣಕ್ಕೆ ಇಂಗ್ಲಿಷ್ ಮೇಷ್ಟರಾಗಿ ಬಂದಾಗ ಅವನಿಗೆ ನಲವತ್ತು. ಅಲ್ಲಿನ ಚಳಿ ತಾಳದೆ ಒಂದೂಕಾಲು ವರ್ಷಕ್ಕೆ ಬೆಚ್ಚಗಿನ ಕುಮಾಮೊತೊಗೆ ಹೊರಟುಹೋದ. ಅಷ್ಟರಲ್ಲಿ ಸಮುರಾಯ್ ಮನೆತನದ ಸೆತ್ಸು ಅವನ ಜೊತೆಯಾಗಿದ್ದಳು. ಅವನ ಖಯಾಲಿ ಭೂತದ ಕಥೆ ಕೇಳುವುದು. ಪುಸ್ತಕ ನೋಡಿ ಓದಕೂಡದು, ನಿನ್ನ ಮಾತಿನಲ್ಲೇ ಹೇಳು ಎಂಬುದು ಅವನ ಹಟ. ಇಬ್ಬರಿಗೆ ಮಾತ್ರ ತಿಳಿಯುವ ಮುರುಕು ಜಪಾನಿಯಲ್ಲಿ ಆಕೆ ಹೇಳುತ್ತಿದ್ದಳು. 1904ರಲ್ಲಿ ಬಂದ ‘ಕ್ವೈದಾನ್’ ಸಂಕಲನದ ಬೇರು ಆ ಸಂಜೆಗಳಲ್ಲಿದೆ. ಹರ್ನ್ 1896ರಲ್ಲಿ ಕೊಯಿಜುಮಿ ಯಾಕುಮೊ ಎಂಬ ಹೆಸರಿನಲ್ಲಿ ಜಪಾನಿ ಪ್ರಜೆಯಾದ. ಸೆತ್ಸು ಬದುಕಿನಿಂದ ಪ್ರೇರಿತವಾದ ‘ಬಾಕೆಬಾಕೆ’ ಧಾರಾವಾಹಿಯನ್ನು ಜಪಾನಿನ ಎನ್‌ಎಚ್‌ಕೆ ವಾಹಿನಿ 2025ರಲ್ಲಿ ಪ್ರಸಾರಕ್ಕೆ ತಂದಿತು. ಇಂಗ್ಲಿಷ್ ಪಾಠಕ್ಕಾಗಿ ಅವನನ್ನು ನೆನೆಯುವವರು ಕಡಿಮೆ.

ವಾರದ ಕೊನೆಯಲ್ಲಿ ಮೇಷ್ಟರು ಊರು ಬಿಡುತ್ತಾರೆ. ವಾಹನ ಸಾಮಾನ್ಯವಾಗಿ ಹಳದಿ ನಂಬರ್ ಪ್ಲೇಟಿನ 660 ಸಿ.ಸಿ. ಪುಟ್ಟ ಕಾರು. ಲೇಖಕ ಫುಕಾದಾ ಕ್ಯೂಯಾ 1964ರಲ್ಲಿ ಪುಸ್ತಕ ಮಾಡಿ ಪಟ್ಟಿಕೊಟ್ಟ ನೂರು ಬೆಟ್ಟಗಳನ್ನು ಒಂದೊಂದಾಗಿ ಹತ್ತುವ ಹುಚ್ಚು ಕೆಲವರಿಗೆ. ಶಿಕೊಕು ದ್ವೀಪದಲ್ಲಿ ಇರುವವರು 88 ದೇವಾಲಯಗಳ ಯಾತ್ರೆ ಹಿಡಿಯುತ್ತಾರೆ. ಸುಮಾರು 1,200 ಕಿಲೋಮೀಟರ್ ಹಾದಿಯನ್ನು ರಜೆ ಸಿಕ್ಕಾಗಲೆಲ್ಲ ತುಂಡು ತುಂಡಾಗಿ ನಡೆಯಲು ಸಂಪ್ರದಾಯದ ಒಪ್ಪಿಗೆಯಿದೆ. ದಾರಿಯಲ್ಲಿ ಅಜ್ಜಿಯರು ಕೈಗೆ ಕಿತ್ತಳೆ ತುರುಕುತ್ತಾರೆ, ಬೇಡ ಎನ್ನಬಾರದು.

ಊರು ಇಷ್ಟು ಸಲೀಸಾಗಿ ತೋಳು ಚಾಚುವುದರಲ್ಲಿ ಅದರ ಅಗತ್ಯವೂ ಇದೆ. ಜಪಾನಿನಲ್ಲಿ 2023ರ ಹೊತ್ತಿಗೆ ಸುಮಾರು 90 ಲಕ್ಷ ಮನೆಗಳು ಖಾಲಿ ಬಿದ್ದಿದ್ದವು. ವರ್ಷವೂ ನೂರಾರು ಶಾಲೆಗಳು ಮುಚ್ಚುತ್ತಿವೆ. ತೊಕುಶಿಮಾದ ನಾಗೊರೊ ಹಳ್ಳಿಯ ಶಾಲೆ 2012ರಲ್ಲಿ ಮುಚ್ಚಿತು; ಈಗ ಅಲ್ಲಿನ ಬೆಂಚುಗಳ ಮೇಲೆ ಬಟ್ಟೆಯ ಬೊಂಬೆಗಳು ಕೂತಿವೆ. ಹಬ್ಬದ ದಿನ ದೇವರ ಪಲ್ಲಕ್ಕಿಗೆ ಹೆಗಲು ಸಾಲದ ಊರಿನಲ್ಲಿ ಇಪ್ಪತ್ತೈದರ ಪರದೇಶಿಯ ಹೆಗಲು ಪರಕೀಯವಾಗಿ ಉಳಿಯುವುದಿಲ್ಲ. ಇದನ್ನು ಬರೀ ಸ್ವಾರ್ಥ ಎನ್ನುವವರು ಇಶಿನೊಮಾಕಿಯ ಕಥೆ ತಿಳಿಯಬೇಕು. 2011ರ ಮಾರ್ಚ್ 11ರಂದು ಸುನಾಮಿಯಲ್ಲಿ ಇಬ್ಬರು ಜೆಟ್ ಶಿಕ್ಷಕರು ತೀರಿಕೊಂಡರು: ರಿಕುಜೆನ್‌ತಕಾತಾದಲ್ಲಿ ಮಾಂಟಿ ಡಿಕ್ಸನ್, ಇಶಿನೊಮಾಕಿಯಲ್ಲಿ ಟೇಲರ್ ಆ್ಯಂಡರ್ಸನ್. ಶಾಲೆಯ ಮಕ್ಕಳನ್ನು ಹೆತ್ತವರಿಗೆ ಒಪ್ಪಿಸಿದ ಮೇಲೆಯೇ ಟೇಲರ್ ಸೈಕಲ್ ಹತ್ತಿ ಮನೆಯತ್ತ ಹೊರಟಿದ್ದಳು. ಆಕೆಯ ಹೆಸರಿನಲ್ಲಿ ಅಲ್ಲಿನ ಶಾಲೆಗಳಿಗೆ ಪುಸ್ತಕಗಳು ಬಂದವು. ಅವನ್ನಿಡುವ ಕಪಾಟುಗಳನ್ನು ಮಾಡಿದ್ದು, ಅದೇ ಸುನಾಮಿಯಲ್ಲಿ ಮೂವರು ಮಕ್ಕಳನ್ನು ಕಳೆದುಕೊಂಡ ಸ್ಥಳೀಯ ಬಡಗಿ. ಆ ಮಕ್ಕಳಿಗೆ ಪಾಠ ಹೇಳಿದವಳು ಟೇಲರ್.

ಹೊರಡಬೇಕೆನ್ನುವವರಿಗೆ ಎರಡು ಮಾತು. ಜಪಾನಿನಲ್ಲಿರುವ ಇಂಥ ಸಹಾಯಕ ಶಿಕ್ಷಕರಲ್ಲಿ ಜೆಟ್ ಮೂಲಕ ಬಂದವರು ಕಡಿಮೆ ಪಾಲು. ಖಾಸಗಿ ಏಜೆನ್ಸಿಗಳ ಮೂಲಕ ಬಂದವರಿಗೆ ಸಂಬಳ ಕಡಿಮೆ, ರಜೆಯ ತಿಂಗಳಲ್ಲಿ ಅದೂ ಕಡಿತವಾಗುವುದುಂಟು. ಸಹಿ ಹಾಕುವ ಮೊದಲು ನಿಮ್ಮನ್ನು ಕೆಲಸಕ್ಕಿಟ್ಟುಕೊಳ್ಳುವವರು ಯಾರೆಂದು ಕೇಳಿ. ಜೆಟ್‌ನಲ್ಲೂ ಐದು ವರ್ಷಕ್ಕಿಂತ ಹೆಚ್ಚು ಇರುವಂತಿಲ್ಲ. ಆದ್ದರಿಂದ ಊರು ತಲುಪಿದ ಮೊದಲ ವಾರದಲ್ಲೇ ಕೊಮಿನ್‌ಕಾನ್ ವೇಳಾಪಟ್ಟಿಯ ಫೋಟೊ ತೆಗೆದುಕೊಂಡು, ಯಾವುದಾದರೂ ಒಂದು ತರಗತಿಗೆ ಹೆಸರು ಕೊಡಿ. ಭಾಷೆ ಬರಲಿ ಆಮೇಲೆ ಹೋಗುತ್ತೇನೆ ಎಂದು ಕಾಯಬೇಡಿ.