ಹೆಬ್ಬೆರಳಿನ ಅಪ್ಪಣೆ

ಇಗರ್ಜಿಯ ಪೈಪ್ ಆರ್ಗನ್ ನುಡಿಸುವವನ ಕೈಗಳೆರಡೂ ಕೀಲಿಮಣೆಯ ಮೇಲೆ, ಕಾಲುಗಳೆರಡೂ ಪೆಡಲುಗಳ ಮೇಲೆ. ನಡುವೆ ನಾದದ ಬಣ್ಣ ಬದಲಿಸಲು ‘ಸ್ಟಾಪ್’ ಎಂಬ ಹಿಡಿಗಳನ್ನು ಎಳೆಯುವವರಾರು? ಹಿಂದೆ ಅದಕ್ಕೆಂದೇ ಸಹಾಯಕರು ಪಕ್ಕದಲ್ಲಿ ನಿಲ್ಲುತ್ತಿದ್ದುದುಂಟು. 1851ರ ಲಂಡನ್ ಮಹಾಪ್ರದರ್ಶನದ ತನ್ನ ಆರ್ಗನ್ನಿನಲ್ಲಿ ಹೆನ್ರಿ ವಿಲ್ಲಿಸನು ಪಿಸ್ಟನ್ ಗುಂಡಿಗಳನ್ನಿರಿಸಿದನು. ಹೆಬ್ಬೆರಳು ಒತ್ತಿದೊಡನೆ ಹಲವು ಸ್ಟಾಪುಗಳು ಒಮ್ಮೆಗೇ ಬದಲಾದವು.

ಇಂದು ‘ಹಾಪ್ಟ್‌ವರ್ಕ್’, ‘ಗ್ರ್ಯಾಂಡ್‌ಆರ್ಗ್’ ಮೊದಲಾದ ತಂತ್ರಾಂಶಗಳಲ್ಲಿ ಕೊಳವೆಯೂ ಇಲ್ಲ, ಗಾಳಿಯೂ ಇಲ್ಲ. ಇರುವುದು ಕೊಳವೆಗಳ ಧ್ವನಿಮುದ್ರಣ. ಅಲ್ಲಿ ಪಿಸ್ಟನ್ನೆಂದರೆ ಯಾವ ಸ್ಟಾಪ್ ತೆರೆದಿರಬೇಕು, ಯಾವುದು ಮುಚ್ಚಿರಬೇಕು ಎಂಬ ನೆನಪಿನ ಪಟ್ಟಿ. ‘ಸೆಟ್’ ಗುಂಡಿಯ ನೆರವಿನಿಂದ ಆ ಪಟ್ಟಿಯನ್ನು ಬೇಕಾದಂತೆ ತಿದ್ದಬಹುದು.

ಪಿಸ್ಟನ್ನನ್ನೇ ಕಾಣದ ಹದಿನೇಳನೆಯ ಶತಮಾನದ ಆರ್ಗನ್ನಿಗೂ ಹೀಗೆ ಪಿಸ್ಟನ್ ದೊರಕಿದೆ. ಸೌಕರ್ಯವೇನೋ ದೊಡ್ಡದು. ಆದರೆ ಸ್ಟಾಪ್ ಎಳೆಯಲು ಬೇಕಾಗುತ್ತಿದ್ದ ಆ ಗಳಿಗೆಯ ಬಿಡುವೂ ಹಳೆಯ ವಾದನದ ಅಂಗವಾಗಿತ್ತೆಂಬುದನ್ನು ಹೆಬ್ಬೆರಳು ಮರೆಯಬಾರದು.